ಸಮಾರಿಯದ ಹೆಂಗಸಿನ ಹತ್ತಿರ ಯೇಸು ನೀರು ಕೇಳಿದ್ದು, ನಾವು ಕೇಳದೆ ಇರುವುದು

ಧರ್ಮೋಪದೇಶದ ಟೀಚರ್, ಸುಂಟಿಕೊಪ್ಪ

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೂರನೇ ಭಾನುವಾರಕ್ಕೆ ಮಕ್ಕಳ ಪಾಠ ಸಿದ್ಧ ಮಾಡುತ್ತಿದ್ದೇನೆ. ಯೊವಾನ್ನರ ಶುಭಸಂದೇಶದ ನಾಲ್ಕನೇ ಅಧ್ಯಾಯ, ಬಾವಿಯ ಹತ್ತಿರದ ಸಮಾರಿಯದ ಸ್ತ್ರೀ. ಈ ಪಾಠವನ್ನು ನಾವು ಯಾವಾಗಲೂ ಒಂದೇ ದಾರಿಯಲ್ಲಿ ಹೇಳುತ್ತೇವೆ: ಪಾಪಿ ಹೆಂಗಸು ಬಂದಳು, ಯೇಸು ಕ್ಷಮಿಸಿದರು, ಜೀವಜಲ ಕೊಟ್ಟರು. ಈ ಸಲ ನಿಧಾನವಾಗಿ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೊದಲು ಕೇಳಿದ್ದು ಯೇಸು. ನಡೆದು ದಣಿದಿದ್ದಾರೆ, ನಡುಮಧ್ಯಾಹ್ನ, ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾರೆ. ಬಾವಿ ಆಳ, ಸೇದಲು ಇವರ ಕೈಯಲ್ಲಿ ಏನೂ ಇಲ್ಲ. ಕುಡಿಯಬೇಕೆಂದರೆ ಅವಳ ಕೊಡದಿಂದಲೇ ಕುಡಿಯಬೇಕು. ಯೆಹೂದ್ಯರು ಸಮಾರಿಯದವರನ್ನು ದೂರ ಇಡುತ್ತಿದ್ದ ಕಾಲ, ಅವಳಿಗೇ ಅದು ನಂಬಲಾಗದ ಮಾತು. ನೀನು ಯೆಹೂದ್ಯ, ನಾನು ಸಮಾರಿಯದವಳು, ಅದರಲ್ಲೂ ಹೆಂಗಸು, ನನ್ನ ಹತ್ತಿರ ನೀರು ಕೇಳುವುದೇ ಎನ್ನುತ್ತಾಳೆ.

ನನ್ನ ತರಗತಿಯಲ್ಲಿ ಕಾಫಿ ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್‌ಮನೆಗಳಿಂದ ಬರುವ ಮಕ್ಕಳಿದ್ದಾರೆ, ಪೇಟೆಯ ಮಕ್ಕಳಿದ್ದಾರೆ, ಸಣ್ಣ ತೋಟ ಇರುವವರ ಮಕ್ಕಳೂ ಇದ್ದಾರೆ. ಒಂದೇ ಬೆಂಚು, ಒಂದೇ ಪರಮಪ್ರಸಾದ. ಆದರೆ ಪೇಟೆಯ ಮನೆಯವರು ಲೈನ್‌ಮನೆಯೊಳಗೆ ಕುಳಿತು ಒಂದು ಲೋಟ ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಕ್ರಿಸ್ಮಸ್‌ಗೆ ಅಕ್ಕಿ, ಕಂಬಳಿ, ಕೇಕು ತಪ್ಪದೆ ಹೋಗುತ್ತದೆ. ಕೊಟ್ಟವರು ಬಾಗಿಲಿನಿಂದಲೇ ತಿರುಗುತ್ತಾರೆ. ಆಧ್ಯಾತ್ಮಿಕ ದಾಹ ಎಂದು ಹೇಳಿ ಪಾಠ ಮುಗಿಸಬಹುದು, ಮನಸ್ಸು ಒಪ್ಪುತ್ತಿಲ್ಲ. ಎಲ್ಲ ಸಭೆಗಳವರೂ ಹೇಳಿ, ಕ್ರೈಸ್ತರಲ್ಲದವರೂ ಹೇಳಿ.

ಸಭೆಯ ಹಿರಿಯ, ಮಡಿಕೇರಿ

ಟೀಚರಮ್ಮ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಆ ಅಧ್ಯಾಯದ ತಿರುಳು ಕೊಡದಲ್ಲಿ ಇಲ್ಲ. ಈ ನೀರು ಕುಡಿದವರಿಗೆ ಮತ್ತೆ ನೀರಡಿಕೆಯಾಗುತ್ತದೆ, ನಾನು ಕೊಡುವ ನೀರು ಕುಡಿದವರಿಗೆ ಎಂದಿಗೂ ಆಗುವುದಿಲ್ಲ ಎಂದು ಕರ್ತನೇ ಹೇಳುತ್ತಾನೆ. ಅದನ್ನು ಬದಿಗಿಟ್ಟರೆ ಸುವಾರ್ತೆಯಲ್ಲಿ ಉಳಿಯುವುದು ಒಳ್ಳೆಯ ನಡತೆಯ ಪಾಠ ಮಾತ್ರ.

ನನ್ನ ಹೆಂಡತಿ ತೀರಿಕೊಂಡ ಮೇಲೆ ಬಹಳ ಕಾಲ ನನಗೆ ಪ್ರಾರ್ಥನೆ ಬರಲಿಲ್ಲ. ಆರಾಧನೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಒಳಗೆ ಏನೂ ಇರಲಿಲ್ಲ. ಹೊಟ್ಟೆಗೆ ಕಡಿಮೆ ಇರಲಿಲ್ಲ, ಮಕ್ಕಳು ಬೆಂಗಳೂರಿನಿಂದ ದಿನಾ ಫೋನ್ ಮಾಡುತ್ತಿದ್ದರು. 42ನೇ ಕೀರ್ತನೆಯಲ್ಲಿ ಜಿಂಕೆ ನೀರಿನ ತೊರೆಗೆ ಹಂಬಲಿಸುತ್ತದಲ್ಲ, ಆ ಕೀರ್ತನೆಯ ನಡುವೆ ನಿನ್ನ ದೇವರು ಎಲ್ಲಿ ಎಂದು ಜನ ಕೇಳುವ ಮಾತೂ ಇದೆ. ನನಗೆ ಹಾಗೆ ಕೇಳಿದವರು ಯಾರೂ ಇರಲಿಲ್ಲ, ನಾನೇ ಕೇಳಿಕೊಳ್ಳುತ್ತಿದ್ದೆ. ಕೊಡಗಿನ ದೊಡ್ಡ ಮನೆಗಳಲ್ಲಿ ಹೀಗೆ ಒಣಗಿ ಕುಳಿತವರು ಎಷ್ಟೋ ಮಂದಿ. ಅಕ್ಕಿ ಕಂಬಳಿ ಕೊಡಲು ಸರ್ಕಾರವಿದೆ, ಸಂಘಗಳಿವೆ. ಈ ದಾಹದ ಬಗ್ಗೆ ಮಾತಾಡಲು ಸಭೆ ಬಿಟ್ಟು ಯಾರಿದ್ದಾರೆ?

ಲೈನ್‌ಮನೆ ಮಗಳು

ಹಿರಿಯರೇ, ನಿಮ್ಮ ನೋವಿನ ಮುಂದೆ ತಲೆಬಾಗುತ್ತೇನೆ. ಆದರೆ ಕೊಡದಲ್ಲಿ ಏನೂ ಇಲ್ಲ ಎನ್ನಲು ನೀರು ಹೊತ್ತವರಿಗೆ ಆಗುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರದ ಕಡೆಯ ಒಂದು ತೋಟದ ಲೈನಿನಲ್ಲಿ. ಅಜ್ಜ ಅಜ್ಜಿ ಮೈಸೂರು ಸೀಮೆಯಿಂದ ಕಾಫಿ ಕೊಯ್ಯಲು ಬಂದು ಇಲ್ಲೇ ಉಳಿದವರು. ನಮ್ಮ ಇಡೀ ಲೈನಿಗೆ ಇದ್ದದ್ದು ಒಂದೇ ನಲ್ಲಿ. ಕಾಫಿ ಕುಯಿಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆಗೆ ಕಾಯುವ ತಿಂಗಳುಗಳಲ್ಲಿ ಅದೂ ನಿಲ್ಲುತ್ತಿತ್ತು, ಯಾಕೆಂದರೆ ಕೆರೆಯ ನೀರು ಮೊದಲು ಗಿಡಗಳಿಗೆ ಹೋಗಬೇಕು. ಅಮ್ಮ ತೋಡಿನವರೆಗೆ ಇಳಿದು ಹೊತ್ತು ತರುತ್ತಿದ್ದಳು. ಸಮಾರಿಯದ ಹೆಂಗಸು, ಸ್ವಾಮಿ, ಆ ನೀರು ಕೊಡು, ಇಲ್ಲಿಗೆ ಬಂದು ಸೇದುವ ಕೆಲಸ ತಪ್ಪಲಿ ಎನ್ನುತ್ತಾಳಲ್ಲ, ಆ ಮಾತು ಓದಿದಾಗ ಅವಳಿಗೆ ಅರ್ಥವಾಗಲಿಲ್ಲ, ಅವಳದು ಲೌಕಿಕ ಬುದ್ಧಿ ಎಂದು ಪ್ರಸಂಗದಲ್ಲಿ ಹೇಳುತ್ತಾರೆ. ನನ್ನ ಅಮ್ಮನೂ ಅದನ್ನೇ ಕೇಳುತ್ತಿದ್ದಳು. ಬೆನ್ನು ನೋಯುವವಳು ಕೇಳಬೇಕಾದ ಪ್ರಾರ್ಥನೆ ಅದು. ಯೇಸು ಅದಕ್ಕೆ ಅವಳನ್ನು ಗದರಿಸಿಲ್ಲ.

ಇನ್ನು ಪಾಪಿ ಎನ್ನುವ ಮಾತು. ಆ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಐದು ಗಂಡಂದಿರಿದ್ದರು, ಈಗಿರುವವನು ಗಂಡನಲ್ಲ ಎನ್ನುತ್ತಾರೆ ಯೇಸು. ಪಾಪ ಎಂಬ ಶಬ್ದ ಅಲ್ಲಿಲ್ಲ, ಕ್ಷಮಿಸಿದೆ ಎಂಬುದಿಲ್ಲ, ಇನ್ನು ಮುಂದೆ ಮಾಡಬೇಡ ಎಂಬುದೂ ಇಲ್ಲ. ಆ ಕಾಲದಲ್ಲಿ ಹೆಂಡತಿಗೆ ಬಿಡುಗಡೆ ಪತ್ರ ಕೊಡುವ ಅಧಿಕಾರ ಗಂಡಸಿನ ಕೈಯಲ್ಲಿತ್ತು. ಗಂಡ ಸತ್ತರೆ ಮೈದುನನ ಮನೆ ಸೇರುವ ಪದ್ಧತಿಯಿತ್ತು. ಎಷ್ಟು ಸಾವು, ಎಷ್ಟು ತ್ಯಜಿಸುವಿಕೆ ಅವಳ ಹಿಂದೆ ಇದ್ದವೋ ಬರೆದವರು ಹೇಳಿಲ್ಲ. ಲೈನಿನ ಹೆಂಗಸರ ಬಗ್ಗೆ ಊರು ಎಷ್ಟು ಸುಲಭವಾಗಿ ಮಾತಾಡುತ್ತದೆ ಎಂಬುದನ್ನು ಕೇಳಿಕೊಂಡೇ ಬೆಳೆದವಳು ನಾನು. ಅದಕ್ಕೇ ಆ ಹೆಂಗಸಿನ ನಡತೆಯ ಮೇಲೆ ತೀರ್ಪು ಬರೆಯಲು ನನ್ನ ಕೈ ಏಳುವುದಿಲ್ಲ.

ಅವಳು ಮುಂದೆ ಕೇಳುವ ಪ್ರಶ್ನೆ ನೋಡಿ. ನಮ್ಮ ಪಿತೃಗಳು ಈ ಬೆಟ್ಟದಲ್ಲಿ ಆರಾಧಿಸಿದರು, ನೀವು ಜೆರುಸಲೇಮ್ ಎನ್ನುತ್ತೀರಿ. ಇಡೀ ಶುಭಸಂದೇಶದಲ್ಲಿ ಆರಾಧನೆಯ ಬಗ್ಗೆ ಇಷ್ಟು ನೇರವಾಗಿ ಕೇಳಿದವರು ಕಡಿಮೆ. ಎರಡೂ ಬೆಟ್ಟವಲ್ಲ, ಆತ್ಮದಲ್ಲಿ ಸತ್ಯದಲ್ಲಿ ಎಂಬ ಅಷ್ಟು ದೊಡ್ಡ ಉತ್ತರವನ್ನು ಯೇಸು ಕೊಟ್ಟದ್ದು ಅವಳಿಗೆ. ಆತ್ಮದ ದಾಹ ದೊಡ್ಡ ಮನೆಯವರಿಗೆ ಮಾತ್ರ ಇರುತ್ತದೆ, ಲೈನಿನವರಿಗೆ ಅಕ್ಕಿ ಸಾಕು ಎಂದು ದಯವಿಟ್ಟು ಹಂಚಬೇಡಿ.

ನಿವೃತ್ತ ನರ್ಸ್, ವಿರಾಜಪೇಟೆ

ಮೇಲಿನ ತಂಗಿಯ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದ ಕುಷ್ಠರೋಗಿ. ಅಲ್ಲಿ ಕುಷ್ಠ ಎಂದಿರುವುದು ಹಲವು ಚರ್ಮರೋಗಗಳಿಗೂ ಹೊಂದುವ ಮಾತು. ಆದರೆ ಶಿಕ್ಷೆ ಒಂದೇ: ಬೈಬಲಿನ ಯಾಜಕಕಾಂಡದ ಪ್ರಕಾರ ಅಂಥವನು ಹರಿದ ಬಟ್ಟೆ ಉಟ್ಟು, ಅಶುದ್ಧ, ಅಶುದ್ಧ ಎಂದು ತಾನೇ ಕೂಗುತ್ತಾ ಪಾಳೆಯದ ಹೊರಗೆ ಒಂಟಿಯಾಗಿರಬೇಕು. ಯೇಸುವಿಗೆ ಒಂದು ಮಾತಿನಿಂದ ಗುಣಪಡಿಸಲು ಆಗುತ್ತಿತ್ತು. ಅವರು ಕೈ ಚಾಚಿ ಮುಟ್ಟಿದರು.

ಆ ಭಾಗದ ಕೊನೆಯ ವಚನವನ್ನು ಯಾರೂ ಗಮನಿಸುವುದಿಲ್ಲ. ಗುಣವಾದವನು ಹೊರಟುಹೋಗಿ ಎಲ್ಲೆಡೆ ಸಾರುತ್ತಾನೆ, ಅದರಿಂದ ಯೇಸುವಿಗೆ ಬಹಿರಂಗವಾಗಿ ಊರೊಳಗೆ ಕಾಲಿಡಲಾಗದೆ ಹೊರಗೆ ನಿರ್ಜನ ಸ್ಥಳಗಳಲ್ಲಿ ಇರಬೇಕಾಗುತ್ತದೆ. ಇಬ್ಬರ ಜಾಗ ಅದಲುಬದಲಾಯಿತು. ಕರುಣೆಗೆ ಬೆಲೆ ಇದೆ, ಅದನ್ನು ಕೊಡುವವನು ತೆರುತ್ತಾನೆ.

ನಮ್ಮ ಕಾಲಕ್ಕೆ ಬನ್ನಿ. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದ ಮೇಲೆ ಕುಷ್ಠ ಪೂರ್ತಿ ಗುಣವಾಗುವ ಕಾಯಿಲೆ. ಮಾತ್ರೆ ಶುರುಮಾಡಿದ ಸ್ವಲ್ಪ ಸಮಯದಲ್ಲೇ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. 2005ರ ಕೊನೆಗೆ ದೇಶದ ಸರಾಸರಿ ಹತ್ತು ಸಾವಿರಕ್ಕೆ ಒಂದು ರೋಗಿಗಿಂತ ಕೆಳಗೆ ಇಳಿಯಿತು. ಆದರೂ ಸಂಗಾತಿಗೆ ಕುಷ್ಠವಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗಿ ನಮ್ಮ ಕಾನೂನಿನಲ್ಲಿ 2019ರವರೆಗೂ ಉಳಿದಿತ್ತು. ಔಷಧ ಬಂದು ಅಷ್ಟು ವರ್ಷ ಆದ ಮೇಲೂ. ಗಾಯ ತೊಳೆಯಲು ಕಲಿಸಿದರೆ ನರ್ಸಿಂಗ್ ಕಲಿಯುವ ಹುಡುಗಿಯರು ಬೇಗ ಕಲಿಯುತ್ತಿದ್ದರು. ಗುಣವಾದವರು ತಂದುಕೊಟ್ಟ ಬಾಳೆಹಣ್ಣನ್ನು ಅವರೆದುರೇ ಸುಲಿದು ತಿನ್ನಲು ಕಲಿಸುವುದು ಕಷ್ಟವಾಗುತ್ತಿತ್ತು. ಟೀಚರ್ ಕೇಳಿದ ಪ್ರಶ್ನೆಯೂ ಅದೇ.

ಅಮ್ಮತ್ತಿಯ ಬೆಳೆಗಾರ

ನಾನು ಕ್ರೈಸ್ತನಲ್ಲ, ಕೊಡವ. ಟೀಚರ್ ಕರೆದಿದ್ದಾರೆ ಎಂದು ಬರೆಯುತ್ತಿದ್ದೇನೆ. ಕಥೆ ನನಗೆ ಇಷ್ಟವಾಯಿತು. ಆದರೆ ನೇರವಾಗಿ ಒಂದು ಮಾತು ಕೇಳಬೇಕು. ನೀವು ಲೈನಿಗೆ ಹೋಗಿ ಕುಳಿತುಕೊಳ್ಳುವುದು, ಊಟ ಮಾಡುವುದು, ಇದರ ಕೊನೆಗೆ ಮತಾಂತರ ಇದೆಯೇ? ನಮ್ಮ ತೋಟದಲ್ಲಿರುವ ಎರವ ಆದಿವಾಸಿಗಳಿಗೆ ಅವರದೇ ದೇವರಿದ್ದಾರೆ, ಅವರದೇ ಹಿರಿಯರಿದ್ದಾರೆ. ಬಾಯಾರಿದವರಿಗೆ ನೀರು ಕೊಡುವುದಕ್ಕೆ ಷರತ್ತು ಇಡುವುದನ್ನು ನಾನು ಒಪ್ಪುವುದಿಲ್ಲ. ಈ ಅನುಮಾನ ಊರಿನಲ್ಲಿ ಇದೆ, ಅದನ್ನು ಮುಚ್ಚಿಟ್ಟು ಮಾತಾಡಿದರೆ ಪ್ರಯೋಜನವಿಲ್ಲ.

ಧರ್ಮೋಪದೇಶದ ಟೀಚರ್, ಸುಂಟಿಕೊಪ್ಪ

ಕೇಳಿದ್ದು ಒಳ್ಳೆಯದಾಯಿತು. ಷರತ್ತಿಟ್ಟ ಕರುಣೆ ಕರುಣೆಯಲ್ಲ, ಅದನ್ನು ನಾನೂ ಒಪ್ಪುವುದಿಲ್ಲ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದ ಲೂಕನ ಕಥೆಯಲ್ಲಿ ಹಿಂದಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಸಮಾರಿಯದವನು. ಉಳಿದ ಒಂಬತ್ತು ಜನರ ಗುಣವನ್ನು ಯೇಸು ವಾಪಸ್ ಪಡೆಯಲಿಲ್ಲ. ನನ್ನ ಪ್ರಶ್ನೆ ಹೊರಗಿನವರನ್ನು ಒಳಗೆ ತರುವುದರ ಬಗ್ಗೆ ಅಲ್ಲ, ಈಗಾಗಲೇ ಒಂದೇ ಬಲಿಪೀಠದ ಮುಂದೆ ನಿಂತವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣದೆ ಇರುವುದರ ಬಗ್ಗೆ.

ಹಳೆ ದಾಖಲೆ ಓದುವವ, ಪೊನ್ನಂಪೇಟೆ

ಬೆಳೆಗಾರರ ಪ್ರಶ್ನೆಗೆ ಕೊಡಗಿನ ಚರಿತ್ರೆಯಲ್ಲೇ ಸ್ವಲ್ಪ ಉತ್ತರವಿದೆ, ಅದು ಒಂದೇ ಬಣ್ಣದ ಉತ್ತರವಲ್ಲ.

ಮಂಗಳೂರಿನಲ್ಲಿ 1843ರಲ್ಲಿ ಮೊದಲ ಕನ್ನಡ ಪತ್ರಿಕೆ ತಂದ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಅವರನ್ನು ಕರೆತಂದದ್ದು ಅಳಮಂಡ ಸೋಮಯ್ಯ ಎಂಬ ಕೊಡವರು. ಸತ್ಯ ಹುಡುಕುತ್ತಾ ಸನ್ಯಾಸಿಯಾಗಿ ಅಲೆದು, ಮಂಗಳೂರಿಗೆ ತಾವೇ ಹೋಗಿ, 1853ರಲ್ಲಿ ಸ್ತೆಫನಸ್ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದವರು. ಹಿರಿಯರು ಹೇಳುವ ಆತ್ಮದ ದಾಹಕ್ಕೆ ಈ ನೆಲದಲ್ಲೇ ಒಬ್ಬ ಸಾಕ್ಷಿ. ಅವರಿಗೆ ಅಕ್ಕಿಯ ಆಸೆ ತೋರಿಸಿದವರು ಯಾರೂ ಇರಲಿಲ್ಲ.

ಆದರೆ ಮಿಷನ್ನಿನ ಕಡೆ ಗುಂಪಾಗಿ ಬಂದವರು ಬೇರೆ. ಆಗಿನ ಕೊಡಗಿನಲ್ಲಿ ದಲಿತರ ಸ್ಥಿತಿ ಜೀತವಲ್ಲ, ಗುಲಾಮಗಿರಿಯೇ. ಮೊಗ್ಲಿಂಗರೂ, ಅವರ ನಂತರ ಬಂದ ಪಾದ್ರಿ ರಿಕ್ಟರ್ ಅವರೂ ದಾಖಲಿಸಿದ ಪ್ರಕಾರ ಅವರಲ್ಲಿ ಎರಡು ವಿಧ (ಜಮ್ಮ ಎಂದರೆ ತಲೆತಲಾಂತರದ ಹಕ್ಕು): ಗದ್ದೆಯ ಜೊತೆಗೇ ಕೈಬದಲಾಗುವ ಭೂಮಿ ಜಮ್ಮದವರು, ಒಕ್ಕಲಿನ ಮನೆಗೆ ಸೇರಿದ, ಮಾರಬಹುದಾದ, ಅಡವಿಡಬಹುದಾದ ಒಕ್ಕಲು ಜಮ್ಮದವರು. ಇವರಿಗಾಗಿ ಮೊಗ್ಲಿಂಗ್ ಅಮ್ಮತ್ತಿ ಕಡೆ ಕಾಡಿನ ನಡುವೆ ಕಟ್ಟಿದ ನೆಲೆ ಆನಂದಪುರ. ಸ್ವಂತ ಗುಡಿಸಲು, ಕೃಷಿ, ಕಾಫಿ, ಶಾಲೆ. 1860ರಲ್ಲಿ ಮೊಗ್ಲಿಂಗ್ ಯುರೋಪಿಗೆ ಮರಳಿದರು. ಅವರಿಗೆ ಮತ ಬದಲಿಸುವ ಉದ್ದೇಶವಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಅಲ್ಲಿಗೆ ಬಂದವರಿಗೂ ಅವರದೇ ಉದ್ದೇಶವಿತ್ತು: ಯಾರ ಆಸ್ತಿಯೂ ಅಲ್ಲದೆ ಬದುಕುವುದು. ಆ ಬಯಕೆಯನ್ನು ಆಮಿಷ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಕಥೆ ಇದರ ತಿರುವುಮುರುವು. 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆನರಾ ಕ್ಯಾಥೊಲಿಕರಿಗೆ ಅಲ್ಲಿ ನೆಲೆ ಕೊಟ್ಟವರು ದೊಡ್ಡ ವೀರರಾಜೇಂದ್ರ, ಹಾಲೇರಿ ವಂಶದ ವೀರಶೈವ ರಾಜ. ಕೊಡಗಿನ ಹಳೆಯ ಕ್ಯಾಥೊಲಿಕ್ ಮನೆತನಗಳಲ್ಲಿ ಎಷ್ಟೋ ಇಲ್ಲಿಗೆ ನಿರಾಶ್ರಿತರಾಗಿ ಬಂದಂಥವು, ಬೇರೆ ಧರ್ಮದವರ ಕೈಯ ನೀರು ಕುಡಿದು ಉಳಿದಂಥವು. ಲೈನ್‌ಮನೆಯ ಬಾಗಿಲಲ್ಲಿ ನಿಂತು ಹಿಂದಿರುಗುವಾಗ ಇದು ನೆನಪಿಗೆ ಬರಬೇಕು.

ಅಮ್ಮತ್ತಿಯ ಬೆಳೆಗಾರ

ಆನಂದಪುರ ನಮ್ಮ ಹತ್ತಿರವೇ. ಅದರ ಹಿಂದೆ ಇಷ್ಟು ಇದೆ ಎಂದು ಗೊತ್ತಿರಲಿಲ್ಲ. ಜಮ್ಮ ಎಂದರೆ ನಮಗೆ ಹೆಮ್ಮೆಯ ಭೂಮಿ. ಅದರ ಜೊತೆ ಮನುಷ್ಯರೂ ಸೇರಿದ್ದರು ಎಂಬುದನ್ನು ಮನೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು.

ಲೈನ್‌ಮನೆ ಮಗಳು

ಬೆಳೆಗಾರರಿಗೆ ಇನ್ನೊಂದು ವಿಷಯ. ಮತಾಂತರದಿಂದ ನಮಗೆ ಲಾಭ ಎಂದು ಊರಿನಲ್ಲಿ ಹೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಮೊದಲು ಆ ಮಾನ್ಯತೆ ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಮ್ಮನ್ನು ಸೇರಿಸಿಲ್ಲ. ಇಗರ್ಜಿಗೆ ಹೋದದ್ದಕ್ಕೆ ಅಪ್ಪ ಕಳೆದುಕೊಂಡದ್ದೇ ಹೆಚ್ಚು. ಆದರೂ ಹೋದರು. ಕೇಳಿದರೆ, ಅಲ್ಲಿ ಮಂಡಿಯೂರಿದಾಗ ಯಾರ ಮುಂದೆಯೂ ಕೈಕಟ್ಟಿ ನಿಂತ ಹಾಗೆ ಅನಿಸುವುದಿಲ್ಲ ಎನ್ನುತ್ತಿದ್ದರು. ಹಿರಿಯರೇ, ನಿಮ್ಮ ಜಿಂಕೆಯ ಕೀರ್ತನೆ ಅವರಿಗೂ ಬಾಯಿಪಾಠವಿತ್ತು.

ಸಭೆಯೊಳಗೆ ಜಾತಿ ಇಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ತಮಿಳುನಾಡಿನಲ್ಲಿ ದಲಿತ ಕ್ರೈಸ್ತರಿಗೆ ಸ್ಮಶಾನವೇ ಬೇರೆ ಇರುವ ಊರುಗಳಿವೆ. ಭಾರತದ ಕ್ಯಾಥೊಲಿಕ್ ಸಭೆಗೆ ಮೊದಲ ದಲಿತ ಕಾರ್ಡಿನಲ್ ಸಿಕ್ಕಿದ್ದು 2022ರಲ್ಲಿ, ಹೈದರಾಬಾದಿನ ಆಂಥೊನಿ ಪೂಲ. ಸಂತೋಷಪಟ್ಟೆ, ಇಷ್ಟು ತಡವಾಯಿತಲ್ಲ ಎಂದು ಕಣ್ಣೀರೂ ಹಾಕಿದೆ. ನಮ್ಮ ಕಡೆ ಗೋರಿ ಬೇರೆ ಇಲ್ಲ, ಮದುವೆ ಊಟದ ಕರೆಯೋಲೆ ಮಾತ್ರ ಲೈನಿನವರೆಗೆ ಬರುವುದಿಲ್ಲ.

ಹುಡುಗ, ಗೋಣಿಕೊಪ್ಪ

ಅಕ್ಕ ಹೇಳಿದ್ದೆಲ್ಲ ಸರಿ. ಇನ್ನೊಂದು ಸೇರಿಸಲಾ? ಈಗ ಲೈನಿನಲ್ಲಿ ಅಸ್ಸಾಂನಿಂದ ಬಂದವರು ಎಷ್ಟು ಇದ್ದಾರೆ ನೋಡಿ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಭಾನುವಾರ ಪೂಜೆಗೆ ಬಂದು ಹಿಂದೆ ನಿಲ್ಲುತ್ತಾರೆ, ಕನ್ನಡ ಅರ್ಥವಾಗುವುದಿಲ್ಲ, ಮುಗಿದ ಕೂಡಲೇ ಹೊರಟುಹೋಗುತ್ತಾರೆ. ಊರಿನಲ್ಲಿ ಕಳ್ಳತನ ಆದರೆ ಮೊದಲ ಹೆಸರು ಅವರದೇ. ಲೈನಿನ ಹಳಬರು ಸಹ ಅವರನ್ನು ದೂರ ಇಡುತ್ತಾರೆ. ಯೆಹೂದ್ಯರಿಗೆ ಸಮಾರಿಯದವರು ಹೇಗೋ ನಮಗೆ ಇವರು ಹಾಗೆ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ನಾನು ಶಾಲೆಯಲ್ಲಿದ್ದೆ. ಲೈನ್‌ಮನೆ ಬೇಡ, ನಮ್ಮದೇ ನೆಲ ಬೇಕು ಎಂದು ಬಂದು ಕುಳಿತವರು ಅವರಲ್ಲಿ ಬಹಳ. ಅವತ್ತು ಮರದ ಕೆಳಗೆ ಮಲಗಿದ ಮಕ್ಕಳ ಚಿತ್ರ ಪತ್ರಿಕೆಯಲ್ಲಿ ನೋಡಿ ನನಗೆ ನಿದ್ದೆ ಬರಲಿಲ್ಲ. ಅದಾದ ಮೇಲೆ ಬೈಬಲಿನಲ್ಲಿ ಪಾಳೆಯದ ಹೊರಗೆ ಎಂಬ ಮಾತು ಬಂದಾಗಲೆಲ್ಲ ನನಗೆ ಕಾಣುವುದು ದಿಡ್ಡಳ್ಳಿ.

ಸಭೆಯ ಹಿರಿಯ, ಮಡಿಕೇರಿ

ಎಲ್ಲವನ್ನೂ ಎರಡು ದಿನ ಓದಿದೆ. ದಾಹ ಮುಖ್ಯ ಎಂಬ ಮಾತಿನಲ್ಲಿ ನಾನು ಈಗಲೂ ನಿಂತಿದ್ದೇನೆ, ಆದರೆ ಅದು ಎಲ್ಲಿ ತೀರುತ್ತದೆ ಎಂಬುದಕ್ಕೆ ಪ್ರವಾದಿ ಯೆಶಾಯನ 58ನೇ ಅಧ್ಯಾಯ ತೆರೆದುಕೊಂಡೆ. ಹಸಿದವನಿಗೆ ನಿನ್ನನ್ನೇ ಕೊಟ್ಟು, ನೊಂದವನ ಪ್ರಾಣವನ್ನು ತೃಪ್ತಿಪಡಿಸಿದರೆ ಯೆಹೋವನು ನಿನ್ನನ್ನು ಮರುಭೂಮಿಯಲ್ಲಿ ತಣಿಸುವನು, ನೀನು ನೀರೆರೆದ ತೋಟದ ಹಾಗೆ, ಬತ್ತದ ಬುಗ್ಗೆಯ ಹಾಗೆ ಇರುವೆ ಎಂಬ ಅರ್ಥದ ಮಾತು 10, 11ನೇ ವಚನದಲ್ಲಿದೆ. ನನ್ನ ಒಣಗಿದ ದಿನಗಳಲ್ಲಿ ನಾನು ಕೀರ್ತನೆಗಳನ್ನು ಓದಿದೆ, ಪ್ರವಾದಿಗಳನ್ನು ಓದಲಿಲ್ಲ. ನನಗೆ ಆಗ ಮತ್ತೆ ಪ್ರಾರ್ಥನೆ ಬಂದದ್ದು ಹೇಗೆಂದರೆ, ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮುದುಕಿ ನನ್ನ ಹೆಂಡತಿಯ ಹೆಸರು ಹೇಳಿ ಅಂಗಳದಲ್ಲಿ ಕುಳಿತು ಗಟ್ಟಿಯಾಗಿ ಅತ್ತಳು. ನಾನು ಅವಳಿಗೆ ಏನೂ ಕೊಟ್ಟಿರಲಿಲ್ಲ. ಅವಳೇ ಕೊಟ್ಟಳು.

ಇನ್ನೊಂದನ್ನೂ ಗಮನಿಸಿ. ಬಾವಿಯ ಹತ್ತಿರ ಕುಳಿತಾಗ ಸುಮಾರು ಆರನೇ ತಾಸು, ಅಂದರೆ ನಡುಮಧ್ಯಾಹ್ನ, ಎನ್ನುತ್ತಾನೆ ಯೋಹಾನ. ರೋಮನ್ ಅಧಿಪತಿ ಪಿಲಾತನ ಮುಂದೆ ತೀರ್ಪಿಗೆ ನಿಂತಾಗಲೂ ಅದೇ ಆರನೇ ತಾಸು. ಅವತ್ತು ಶಿಲುಬೆಯ ಮೇಲೆ ಮತ್ತೆ ನನಗೆ ನೀರಡಿಕೆಯಾಗಿದೆ ಎನ್ನುತ್ತಾನೆ. ಸಮಾರ್ಯದವಳು ನೀರು ಕೊಟ್ಟಳೋ ಇಲ್ಲವೋ ಬರೆದಿಲ್ಲ. ಶಿಲುಬೆಯ ಹತ್ತಿರ ಕೊಟ್ಟದ್ದು ಹುಳಿಯಾದ ದ್ರಾಕ್ಷಾರಸ, ಅದನ್ನು ತೆಗೆದುಕೊಂಡ ಮೇಲೆಯೇ ಎಲ್ಲಾ ತೀರಿತು ಎಂದು ಪ್ರಾಣ ಬಿಟ್ಟ. ಕೊನೆಯ ಗುಟುಕಿಗೂ ಇನ್ನೊಬ್ಬರ ಕೈಗೆ ಕಾದ ದೇವರು ಅವನು.

ನಿವೃತ್ತ ನರ್ಸ್, ವಿರಾಜಪೇಟೆ

ಹಿರಿಯರೇ, ಮದರ್ ತೆರೆಸಾ ಅವರ ಸಿಸ್ಟರ್‌ಗಳ ಪ್ರತಿ ಪ್ರಾರ್ಥನಾಲಯದಲ್ಲೂ ಶಿಲುಬೆಯ ಪಕ್ಕ ನೀವು ಹೇಳಿದ ಅದೇ ಮಾತನ್ನು ಬರೆದಿರುತ್ತಾರೆ, ನನಗೆ ದಾಹವಾಗಿದೆ ಎಂದು. ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡು ಬರುವ ಕೆಲಸವನ್ನು ಅವರು ಶುರುಮಾಡುವುದು ಆ ಗೋಡೆಯ ಮುಂದೆ ಮೌನವಾಗಿ ಕುಳಿತ ಮೇಲೆ. ಎರಡನ್ನೂ ಬೇರೆ ಮಾಡಲು ಅವರಿಗೆ ಗೊತ್ತಿಲ್ಲ.

ಧರ್ಮೋಪದೇಶದ ಟೀಚರ್, ಸುಂಟಿಕೊಪ್ಪ

ಪಾಠ ಹೇಗೆ ಮಾಡಬೇಕೆಂದು ನನಗೆ ಈಗ ಸ್ಪಷ್ಟವಾಗಿದೆ. ಲೈನಿನ ಮಗುವಿನ ಕೈಯಲ್ಲೇ ಆ ಹೆಂಗಸಿನ ಮಾತುಗಳನ್ನು ಓದಿಸುತ್ತೇನೆ, ಪಾಪಿ ಎಂಬ ಶಬ್ದ ಬಳಸುವುದಿಲ್ಲ. ಊರಿನ ಜನ ಯೇಸುವನ್ನು ತಮ್ಮಲ್ಲೇ ಉಳಿಯಿರೆಂದು ಬೇಡಿಕೊಂಡದ್ದನ್ನೂ, ಯೇಸು ಸಮಾರಿಯದವರ ಮನೆಗಳಲ್ಲಿ ಎರಡು ದಿನ ತಂಗಿದ್ದನ್ನೂ ಒತ್ತಿ ಹೇಳುತ್ತೇನೆ. ಎರಡು ದಿನ ಅಂದರೆ ಅಲ್ಲೇ ಊಟ, ಅಲ್ಲೇ ನಿದ್ದೆ. ಶಿಷ್ಯರಿಗೂ ಅಷ್ಟೇ.

ತಪಸ್ಸುಕಾಲದ ಮನೆ ಪ್ರಾರ್ಥನೆಯನ್ನು ಈ ಸಲ ಲೈನಿನಲ್ಲಿ ಇಡೋಣ ಎಂದು ಫಾದರ್ ಹತ್ತಿರ ಕೇಳಿದೆ, ಒಪ್ಪಿದ್ದಾರೆ. ತೋಟದ ಮಾಲೀಕರ ಒಪ್ಪಿಗೆ ಬೇಕು.

ಅಮ್ಮತ್ತಿಯ ಬೆಳೆಗಾರ

ನಮ್ಮ ಲೈನಿನಲ್ಲಿ ನಾಲ್ಕು ಕ್ರೈಸ್ತ ಮನೆಗಳಿವೆ. ಅವರು ಕರೆದರೆ ಬನ್ನಿ, ನನ್ನ ಅಡ್ಡಿಯಿಲ್ಲ. ಎರವರ ಮನೆಗಳಿಗೆ ಹೋಗುವುದಾದರೆ ಅವರನ್ನೇ ಕೇಳಿ. ನೀರಿನ ವಿಷಯದಲ್ಲಿ ಮೇಲೆ ಬರೆದದ್ದು ಓದಿ ನಮ್ಮ ಲೈನಿನ ಟ್ಯಾಂಕ್ ನೋಡಿ ಬಂದೆ. ಬೇಸಿಗೆಗೆ ಅದು ಸಾಲದು. ಸ್ಪ್ರಿಂಕ್ಲರ್ ಲೈನಿನಿಂದ ಒಂದು ಪೈಪ್ ಬೇರೆ ಮಾಡಿ ಟ್ಯಾಂಕಿಗೆ ಎಳೆಸುತ್ತಿದ್ದೇನೆ.

ಲೈನ್‌ಮನೆ ಮಗಳು

ಆ ನಾಲ್ಕರಲ್ಲಿ ಒಂದು ನನ್ನ ಚಿಕ್ಕಮ್ಮನ ಮನೆ ಇರಬೇಕು. ಫೋನ್ ಮಾಡಿ ಕೇಳುತ್ತೇನೆ. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಊಟ ತರಬೇಡಿ, ಅಡುಗೆ ಅವರೇ ಮಾಡುತ್ತಾರೆ, ನೀವು ಕುಳಿತು ಊಟ ಮಾಡಬೇಕು. ಫೋಟೋ ತೆಗೆಯಬೇಡಿ.

ಸಭೆಯ ಹಿರಿಯ, ಮಡಿಕೇರಿ

ಪ್ರೊಟೆಸ್ಟೆಂಟರೂ ಬರಬಹುದಾದರೆ ನಾನೂ ಬರುತ್ತೇನೆ. ಅಸ್ಸಾಂನವರಿಗೆ ಅಧ್ಯಾಯವನ್ನು ಹಿಂದಿಯಲ್ಲಿ ಓದುವವರು ಬೇಕು.

ಹುಡುಗ, ಗೋಣಿಕೊಪ್ಪ

ನಾನು ಓದುತ್ತೇನೆ. ಅವರಲ್ಲೇ ಒಬ್ಬ ಚೆನ್ನಾಗಿ ಹಾಡುತ್ತಾನೆ, ಅವನ ಹತ್ತಿರವೂ ಕೇಳಿ ನೋಡುತ್ತೇನೆ. ಟೀಚರ್, ಭಾನುವಾರ ಸಂಜೆಯೋ ಶನಿವಾರವೋ? ಅವರಿಗೆ ಶನಿವಾರವೂ ಕೆಲಸ ಇರುತ್ತದೆ.